ಅಣ್ಣ ಎಂದ ಮೇಲೆ

ನಾನು ಓಟಗಾರ್ತಿಯಾಗಿದ್ದೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ‘ಅಲ್ರೀ ಮೇಡಂ, ನಿಮಗ ಕಣ್ಣು ಕಾಣಂಗಿಲ್ಲ, ಮತ್ತ ಹೆಂಗ ಓಡ್ತಿದ್ರಿ?’ ಬಳ್ಳಾರಿಯ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಕೂತಿದ್ದೇನೆ. ಕೆಲಸಕ್ಕೆಂದು ಬಂದವರು ಗೋಡೆಯ ಮೇಲಿನ ಪದಕ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಬಂದ ಕೆಲಸ ಮರೆತು ಇದನ್ನು ಕೇಳುತ್ತಾರೆ. ‘ಕಾಲಿಂದ ಓಡ್ತಿದ್ದೆ ರೀ. ನೀವೇನ್ ಕಣ್ಣಿಂದ ಓಡ್ತೀರೇನು?’ ಎಂದುಬಿಡುತ್ತೇನೆ. ಪಕ್ಕದ ಟೇಬಲ್ಲಿನವರಿಗೆ ನಗು, ಕೇಳಿದವರಿಗೆ ಅವಮಾನ. ಆಗಲಿ ಬಿಡಿ, ನನ್ನ ನಾಲಗೆ ಮೊದಲಿನಿಂದಲೂ ಹೀಗೇ.

ನಿಜವಾದ ಉತ್ತರ ಬೇರೆ. ಪೂರ್ತಿ ಕಾಣದವರು ಒಬ್ಬರೇ ಓಡುವುದಿಲ್ಲ. ಪಕ್ಕದಲ್ಲಿ ಕಣ್ಣಿರುವ ಒಬ್ಬ ಜೊತೆಗಾರ ಇರುತ್ತಾನೆ. ಅವನ ಒಂದು ಕೈ, ನಮ್ಮ ಒಂದು ಕೈ, ನಡುವೆ ಗೇಣುದ್ದದ ಹಗ್ಗ. ಅವನು ನಮ್ಮನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ದಾರಿ ಹೇಳಬಹುದು, ಅಷ್ಟೆ. ಕೊನೆಯ ಗೆರೆಯನ್ನು ಮೊದಲು ದಾಟಬೇಕಾದವರು ನಾವು. ಅವನು ಅರ್ಧ ಹೆಜ್ಜೆಯಾದರೂ ಹಿಂದೆ ಉಳಿಯಬೇಕು. ಅಪ್ಪಿತಪ್ಪಿ ಅವನೇ ಮೊದಲು ದಾಟಿದರೆ ಓಡಿದ್ದೆಲ್ಲ ನೀರಿಗೆ ಹೋದಂತೆ. ಇನ್ನೊಂದು ತಮಾಷೆಯಿದೆ: ಹುಟ್ಟುಕುರುಡಿಯಾದ ನನ್ನ ಕಣ್ಣಿಗೂ ಓಡುವ ಮುಂಚೆ ಪಟ್ಟಿ ಕಟ್ಟುತ್ತಿದ್ದರು, ಕದ್ದು ನೋಡಿಬಿಟ್ಟರೆ ಎಂದು! ಮೊದಲ ಸಲ ಕಟ್ಟಿದಾಗ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು.

ನಮ್ಮೂರು ಹಚ್ಚೊಳ್ಳಿ, ಸಿರುಗುಪ್ಪ ತಾಲೂಕು. ಕಾಲುವೆ ನೀರು, ಭತ್ತದ ಗದ್ದೆ, ದಿನವಿಡೀ ಟ್ರ್ಯಾಕ್ಟರ್ ಸದ್ದು. ಅವ್ವ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು. ನಮ್ಮ ಕಡೆ ಅದೇನು ಹೊಸದಲ್ಲ. ಹೊರಗಿನವರಿಗಿಂತ ಮನೆಯವರು ಲೇಸು ಎಂಬ ಲೆಕ್ಕ. ನಾನು ಹುಟ್ಟಿ ಕೆಲವು ತಿಂಗಳಾದರೂ ದೀಪದ ಕಡೆ ತಿರುಗಲಿಲ್ಲವಂತೆ. ಬಳ್ಳಾರಿಗೆ ಎತ್ತಿಕೊಂಡು ಹೋದಾಗ ಕಣ್ಣಿನ ಡಾಕ್ಟರು, ಒಂದೇ ರಕ್ತದಲ್ಲಿ ಮದುವೆಯಾದರೆ ಕೆಲವೊಮ್ಮೆ ಹೀಗಾಗುತ್ತದೆ ಎಂದರು. ‘ಹಂಗಾರ ನಮ್ಮೂರಾಗ ಅರ್ಧ ಮಂದಿ ಕುರುಡರ ಇರಬೇಕಿತ್ತಲ್ರಿ’ ಎಂದು ಅವ್ವ ಅವರ ಮುಖಕ್ಕೇ ಹೇಳಿ ಬಂದಳಂತೆ. ನಾಲಗೆ ಯಾರಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಬಳ್ಳಾರಿಯ ಅಂಧ ಮಕ್ಕಳ ಶಾಲೆಗೆ ಹಾಕಿದರು. ಅಲ್ಲಿ ನಮಗೊಬ್ಬ ಡ್ರಿಲ್ ಮಾಸ್ತರು ಇದ್ದರು. ಮೈದಾನದ ಒಂದು ತುದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮಕ್ಕಳು ಆ ಸದ್ದು ಹಿಡಿದು ಅವರ ಬಳಿಗೆ ನಡೆದು ಹೋಗಬೇಕು. ಎಲ್ಲರೂ ಕೈ ಮುಂದೆ ಚಾಚಿ ಮೆಲ್ಲಗೆ ಹೋಗುತ್ತಿದ್ದರೆ ನಾನು ಓಡಿದೆ. ಸದ್ದು ಹತ್ತಿರವಾದಷ್ಟೂ ಜೋರು ಹೆಚ್ಚಿಸಿ, ನಿಲ್ಲುವುದು ಗೊತ್ತಾಗದೆ, ಹೋಗಿ ಅವರ ಹೊಟ್ಟೆಗೆ ಗುದ್ದಿದೆ. ಇಬ್ಬರೂ ಬಿದ್ದೆವು. ‘ಇದು ಹುಡುಗಿ ಅಲ್ಲಪ, ಟಗರು!’ ಎಂದು ಕೆಳಗೆ ಬಿದ್ದುಕೊಂಡೇ ನಕ್ಕರು. ಮರುದಿನದಿಂದ ನನಗೆ ಬೇರೆ ಪಾಠ ಶುರುವಾಯಿತು.

ಕಾಲೇಜು ಸೇರುವ ಹೊತ್ತಿಗೆ ನನಗೆ ಜೊತೆಗಾರರು ಸಿಗದಂತಾದರು. ಹಾಸ್ಟೆಲಿನ ಕಣ್ಣಿರುವ ಹುಡುಗಿಯರು ನನ್ನ ಜೊತೆ ಓಡಿ, ಅರ್ಧದಲ್ಲೇ ಏದುಸಿರು ಬಿಟ್ಟು, ‘ಯವ್ವಾ, ನನ್ ಕೈಲಿ ಆಗಂಗಿಲ್ಲ’ ಎಂದು ಕೂತುಬಿಡುತ್ತಿದ್ದರು. ಜೊತೆಗಾರ ನನಗಿಂತ ಜೋರಾಗಿ ಓಡುವವನಾಗಿರಬೇಕು, ಇಲ್ಲವಾದರೆ ನಾನೇ ಅವನನ್ನು ಎಳೆದುಕೊಂಡು ಓಡಬೇಕಾಗುತ್ತದೆ. ‘ಗಂಡುಹುಡುಗ ಬೇಕಮ್ಮ ನಿನಗ’ ಎಂದರು ಮಾಸ್ತರು. ಊರಿಂದ ಬಂದ ಅವ್ವ ಅದನ್ನು ಕೇಳಿ ಬೆಂಕಿಯಾದಳು. ‘ಯಾವನೋ ಗಂಡಸಿನ ಕೈಗೆ ನನ್ ಮಗಳ ಕೈ ಕಟ್ಟಿ ಮಂದಿ ಮುಂದ ಓಡಸ್ತೀರಾ? ಓಟನೂ ಬ್ಯಾಡ, ಏನೂ ಬ್ಯಾಡ.’

ಆಗ ನೆನಪಾದವನು ಮಾವನ ಮಗ. ನನ್ನ ಸೋದರಮಾವ, ಎಂದರೆ ಅವ್ವನ ಅಣ್ಣ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಮೇಸ್ತ್ರಿ. ಅವನ ಒಬ್ಬನೇ ಮಗ ಕಾಲೇಜಿನಲ್ಲಿ ಓಟದ ಪಂದ್ಯ ಗೆದ್ದವನು, ಡಿಗ್ರಿ ಅರ್ಧಕ್ಕೆ ಬಿಟ್ಟು ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದ್ದ. ಅವನ ಹೆಸರು ಬಂದ ಕೂಡಲೇ ಅವ್ವನ ದನಿಯೇ ಬೇರೆಯಾಯಿತು. ‘ಅವನಾದ್ರ ಅಡ್ಡಿಯಿಲ್ಲ ಬಿಡ್ರಿ ಮಾಸ್ತರ, ನಮ್ಮವನ ಅದಾನ.’

ಇದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಮಾವನ ಮಗ ಎಂದರೆ ನಮ್ಮಲ್ಲಿ ಹುಡುಗಿಯನ್ನು ಕಟ್ಟಿಕೊಳ್ಳುವ ಹಕ್ಕಿರುವವನು. ಅವನ ಕೈಗೆ ಕೈ ಕಟ್ಟಿದರೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ, ನಾಳೆ ಹೇಗೂ ಆಗುವುದೇ ತಾನೇ. ಊರಿಗೆ ಹೋದರೆ ನೀರಿಗೆ ಬಂದ ಹೆಂಗಸರು ಕಾಡುತ್ತಿದ್ದರು: ‘ಹಗ್ಗ ಕಟ್ಟಿ ಆತು, ಇನ್ನ ತಾಳಿ ಒಂದ ಬಾಕಿ ಏನಬೇ?’ ಅವ್ವ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ, ನಗುತ್ತಿದ್ದಳು. ಆ ನಗುವಿನ ಮೇಲೆ ನನ್ನ ಓಟ ನಡೆಯುತ್ತಿತ್ತು. ಮಾವನನ್ನು ಯಾರೂ ಕೇಳಿರಲಿಲ್ಲ. ಅವನ ಮಗನನ್ನೂ ಕೇಳಿರಲಿಲ್ಲ, ನನ್ನನ್ನಂತೂ ಮೊದಲೇ ಇಲ್ಲ.

ಅವನು ಬೆಳಿಗ್ಗೆ ಸೈಕಲ್ ತುಳಿದುಕೊಂಡು ಕಂಟೋನ್ಮೆಂಟಿನ ಮೈದಾನಕ್ಕೆ ಬರುತ್ತಿದ್ದ. ಮೊದಲ ದಿನ ಕಾರ್ಖಾನೆಯ ಚೂರುಬಟ್ಟೆಯಿಂದ ಒಂದು ಪಟ್ಟಿ ಹೊಲಿದು ತಂದಿದ್ದ, ಎರಡು ತುದಿಗೆ ಎರಡು ಕುಣಿಕೆ. ಜಗ್ಗಿ ನೋಡಿದ ಮಾಸ್ತರು ಬೇಡ ಎಂದರು. ಅದು ಹಿಗ್ಗುವ ಬಟ್ಟೆ, ಹಿಗ್ಗಿದರೆ ಮೋಸ ಎನ್ನುತ್ತಾರೆ. ಮರುದಿನ ಹಿಗ್ಗದ ಗಟ್ಟಿ ಬಟ್ಟೆಯದು ತಂದ. ಹೊಸ ಜೀನ್ಸಿನ ಆ ಖಾರ ವಾಸನೆ ಕೈಯಿಂದ ಸಂಜೆಯವರೆಗೂ ಹೋಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಊಟಕ್ಕೆ ಕೂತಾಗಲೂ ಬರುತ್ತಿತ್ತು, ನಾನು ಬೇಕೆಂದೇ ಕೈ ಸರಿಯಾಗಿ ತೊಳೆಯುತ್ತಿರಲಿಲ್ಲ.

ಮೊದಮೊದಲು ಬರೀ ಬೀಳುವುದು. ಅವನ ಹೆಜ್ಜೆ ಉದ್ದ, ನನ್ನದು ಗಿಡ್ಡ. ಕಾಲಿಗೆ ಕಾಲು ತೊಡರಿ ಬಿದ್ದರೆ ಹಗ್ಗದಿಂದಾಗಿ ಅವನೂ ನನ್ನ ಮೇಲೆ ಬೀಳಬೇಕು. ‘ಏ, ನೋಡ್ಕೊಂಡ್ ಓಡಾಕ ಬರಂಗಿಲ್ಲೇನ್ ನಿನಗ?’ ಎಂದು ಅವನೇ ರೇಗುತ್ತಿದ್ದ. ‘ನೋಡಾಕ ಬಂದಿದ್ರ ನಿನ್ನ್ಯಾಕ ಕಟ್ಕೊಂತಿದ್ದೆ?’ ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ನಗುತ್ತಿದ್ದೆವು. ಮಾವನ ಮಗನನ್ನು ನಮ್ಮ ಕಡೆ ಬಾವ ಎನ್ನಬೇಕು. ನನಗೆ ನಾಚಿಕೆ. ಅದಕ್ಕೇ ಏನೂ ಕರೆಯದೆ ಏ, ಓ ಎಂದುಕೊಂಡೇ ಓಡಿದೆ.

ಮಳೆಗಾಲ ಹೋಗಿ ಚಳಿ ಬರುವಷ್ಟರಲ್ಲಿ ಹೆಜ್ಜೆ ಕೂಡಿತು. ಇನ್ನೂರು ಮೀಟರಿನ ಓಟಕ್ಕೆ ಒಂದು ತಿರುವಿದೆ. ತಿರುವಿನಲ್ಲಿ ಅವನು ‘ಒಳಗ, ಒಳಗ’ ಎನ್ನುತ್ತಿದ್ದ, ತಿರುವು ಮುಗಿದರೆ ‘ನೆಟ್ಟಗ’. ಗೆರೆ ಹತ್ತಿರ ಬಂದಾಗ ‘ಎದಿ!’ ಎಂದು ಕೂಗುತ್ತಿದ್ದ. ನಾನು ಎದೆ ಮುಂದೆ ಚಾಚಬೇಕು, ಅದೇ ಗಳಿಗೆಗೆ ಅವನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದ. ಸ್ವಲ್ಪ ದಿನಕ್ಕೆ ಮಾತೂ ಬೇಕಾಗಲಿಲ್ಲ. ಹಗ್ಗ ಒಂಚೂರು ಬಿಗಿಯಾದರೆ ನನಗೆ ತಿಳಿಯುತ್ತಿತ್ತು, ನನಗೆ ದಣಿವಾದರೆ ನಾನು ಹೇಳುವ ಮುಂಚೆ ಅವನಿಗೆ ತಿಳಿಯುತ್ತಿತ್ತು. ನಾನು ಯಾವತ್ತೂ ಯಾರ ಜೊತೆಗೂ ಅಷ್ಟು ಹತ್ತಿರ ಇದ್ದವಳಲ್ಲ. ಅವನ ಮೇಲೆ ನನಗೆ ಮನಸ್ಸಾಗಿತ್ತು, ಅದನ್ನು ಈಗ ಮುಚ್ಚಿಟ್ಟು ಏನು ಮಾಡಲಿ.

ರಾಜ್ಯಮಟ್ಟದಲ್ಲಿ ಗೆದ್ದೆವು. ಮುಂದೆ ರಾಷ್ಟ್ರಮಟ್ಟದ ಕೂಟ. ಅಲ್ಲಿ ಮೊದಲ ಮೂವರಲ್ಲಿ ಬಂದರೆ ದೇಶದ ತರಬೇತಿ ಶಿಬಿರಕ್ಕೆ ಕರೆಯುತ್ತಾರೆ ಎಂದರು ಮಾಸ್ತರು. ದೇಶದ ಹೆಸರು ಬೆನ್ನಿಗೆ ಹಾಕಿಕೊಂಡು ಓಡುವುದು! ನನಗೆ ಆ ಆಸೆ ಹೊಕ್ಕಿತು ನೋಡಿ, ಊಟ ನಿದ್ದೆ ಎರಡೂ ಹಗುರಾದವು. ಸಣ್ಣಂದಿನಿಂದ ನನ್ನನ್ನು ಜನ ಕೈ ಹಿಡಿದು ಕೂರಿಸಿದ್ದೇ ಹೆಚ್ಚು. ಇಲ್ಲಿ ಕೂತುಕೋ, ಅಲ್ಲಿ ಹೋಗಬೇಡ, ಬೀಳ್ತೀಯ. ಓಡುವಾಗ ಮಾತ್ರ ನನಗೆ ಯಾರೂ ಕೂರು ಎನ್ನುತ್ತಿರಲಿಲ್ಲ. ಬೇರೆ ಏನು ಹೋದರೂ ಇದು ಹೋಗಬಾರದು ಎಂದುಕೊಂಡಿದ್ದೆ.

ಆ ಕೂಟಕ್ಕೆ ಸ್ವಲ್ಪವೇ ದಿನ ಇರುವಾಗ ಒಂದು ಮಧ್ಯಾಹ್ನ ಅವ್ವ ಹೇಳದೆ ಕೇಳದೆ ಹಾಸ್ಟೆಲಿಗೆ ಬಂದಳು. ಹಿಂದೆಯೇ ಮಾವನೂ ಬಂದ. ಬಸ್ಸಿನಲ್ಲಿ ಸಿರುಗುಪ್ಪದಿಂದ ಇಬ್ಬರೂ ಜಗಳವಾಡಿಕೊಂಡೇ ಬಂದಿರಬೇಕು, ಅವ್ವನ ಗಂಟಲು ಆಗಲೇ ಕಟ್ಟಿತ್ತು. ‘ಕೇಳಿದೇನ, ನಿಮ್ಮಾವ ಮಗನಿಗೆ ಕುರುಗೋಡಾಗ ಹೆಣ್ಣು ನೋಡ್ಯಾನ. ಮಾತೂ ಆಗೈತಂತ. ಊರ ತುಂಬ ನನ್ ಮಗಳ ಕೈಗೆ ಹಗ್ಗ ಕಟ್ಟಿ ಮೆರಸಿ, ಈಗ ಬ್ಯಾರೆ ಹೆಣ್ಣು!’

ಮಾವ ಒಳ್ಳೆಯವನು. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಿರಣಿಯೆಲ್ಲ ತಿರುಗಿಸಿದವನು, ಬಿಸಿ ಅಕ್ಕಿಯಲ್ಲಿ ಕೈ ಇಡಿಸಿದವನು. ‘ತಂಗೀ’ ಎಂದ ಅವ್ವನಿಗೆ, ‘ನಿನಗ ಡಾಕ್ಟ್ರು ಏನ್ ಹೇಳಿದ್ರು ನೆನಪೈತಿಲ್ಲ? ಮತ್ತ ಅದ ರಕ್ತದಾಗ ಕೂಡಿಸಿ, ಮೊಮ್ಮಗ ಕಣ್ಣಿಲ್ಲದ ಹುಟ್ಟಿದ್ರ ನಾ ಹೆಂಗ ತಡಕೊಳ್ಳಲಿ? ಈ ಕೂಸಿನ್ನ ನೋಡೀನಿ, ಸಾಕಾಗೈತಿ.’

ಈ ಕೂಸು ಎಂದರೆ ನಾನು. ಅವನು ಅಳುತ್ತಿದ್ದ. ಡಾಕ್ಟರಿಗೆ ಉತ್ತರ ಕೊಟ್ಟು ಬಂದ ಅವ್ವ ಅಣ್ಣನಿಗೆ ಕೊಡಲಾರದೆ ಹೋದಳು. ನನಗೆ ಕೆನ್ನೆಗೆ ಹೊಡೆದಂತಾಯಿತು, ಆದರೂ ಅವನ ಮೇಲೆ ಸಿಟ್ಟು ಬರಲಿಲ್ಲ, ಅದೇ ಒಂದು ಸಂಕಟ. ಅವನು ನನ್ನ ತಲೆ ಸವರಿ ಎದ್ದು ಹೋದ ಮೇಲೆ ಅವ್ವ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: ‘ಇವತ್ತಿಂದ ಆ ಹಗ್ಗ ಮುಟ್ಟಬ್ಯಾಡ. ಮಂದಿ ಗಂಡನ್ನ ಕೈಗೆ ಕಟ್ಕೊಂಡು ಓಡಿದ್ರ ನಾಳಿ ನಿನ್ನ ಎಲ್ಲಾರೂ ಒಲ್ಲೆ ಅಂತಾರ.’

ಆ ಕಡೆ ಕುರುಗೋಡಿನಲ್ಲೂ ಇದೇ ಮಾತು. ಹುಡುಗಿಯ ಅಜ್ಜಿ ಗಟ್ಟಿಗಿತ್ತಿಯಂತೆ. ಹುಡುಗ ಒಳ್ಳೆಯವನು, ಆದರೆ ಅತ್ತೆಯ ಮಗಳ ಕೈಗೆ ಕೈ ಕಟ್ಟಿಕೊಂಡು ಊರೂರು ಓಡುತ್ತಾನಂತಲ್ಲ, ಅದು ನಿಲ್ಲಲಿ, ಆಮೇಲೆ ನಿಶ್ಚಯದ ಎಲೆ ಅಡಿಕೆ ಎಂದಳಂತೆ. ಎರಡು ಮನೆಯವರೂ ಸೇರಿ ನನ್ನ ಓಟ ನಿಲ್ಲಿಸಿದರು. ಮಾಸ್ತರನ್ನು ಕೇಳಿದೆ, ಬೇರೆಯವರ ಜೊತೆ ಓಡಲೇ ಎಂದು. ‘ಹೆಜ್ಜಿ ಕೂಡಾಕ ನಾಕಾರು ತಿಂಗಳ ಬೇಕಮ್ಮ, ಕೂಟಕ್ಕ ಒಂದ ತಿಂಗಳೂ ಇಲ್ಲ’ ಎಂದರು.

ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅತ್ತೆ, ಬೈದೆ, ಮತ್ತೆ ಅತ್ತೆ. ಆಮೇಲೆ ಅಳು ನಿಂತು ತಲೆ ಓಡತೊಡಗಿತು. ಅವನು ನನಗೆ ಸಿಗುವವನಲ್ಲ. ಮಾವ ಅತ್ತು ಹೇಳಿದ ಮಾತನ್ನು ಮೀರಿ ನಾನು ಆ ಮನೆಗೆ ಸೊಸೆಯಾಗಿ ಹೋಗಲಾರೆ. ಅವನು ಹೋಗುವುದು ಹೋಗೇ ಹೋಗುತ್ತಾನೆ. ಅವನ ಜೊತೆಗೆ ನನ್ನ ಓಟ ಯಾಕೆ ಹೋಗಬೇಕು? ಎರಡು ಮನೆಯವರಿಗೂ ತೊಡಕಾಗಿರುವುದು ಒಂದೇ, ನಾನು ಅವನನ್ನು ಮದುವೆಯಾಗಬಹುದಾದವಳು ಎಂಬುದು. ಆಗಲಾರದವಳಾಗಿಬಿಟ್ಟರೆ? ಅವ್ವನಿಗೆ ಫೋನ್ ಮಾಡಿ, ನಿಶ್ಚಯಕ್ಕೆ ನಾನೂ ಬರುತ್ತೇನೆ ಎಂದೆ. ‘ಯಾಕಬೇ, ಹೊಟ್ಟಿ ಉರ್ಕೊಳ್ಳಾಕ?’ ಎಂದಳು ಅವ್ವ. ಬರುತ್ತೇನೆ ಎಂದರೆ ಬರುತ್ತೇನೆ, ಎಂದು ಫೋನ್ ಇಟ್ಟೆ.

ಕುರುಗೋಡಿನ ಆ ಮನೆಗೆ ಹೋದಾಗ ಪಡಸಾಲೆ ತುಂಬ ಜನ. ಕಲ್ಲು ಹಾಸಿದ ನೆಲ ತಣ್ಣಗಿತ್ತು, ಒಳಗಿಂದ ಶ್ಯಾವಿಗೆ ಪಾಯಸದ ಘಮ. ಹಿರಿಯರ ಮಾತುಕತೆ ಗುಸುಗುಸು ನಡೆದೇ ಇತ್ತು. ನಮ್ಮವರು ಓಟ ನಿಲ್ಲಿಸುತ್ತೇವೆ ಎಂದು ಮಾತು ಕೊಡುತ್ತಿದ್ದರು. ಹುಡುಗಿಯನ್ನು ತಂದು ಮಣೆಯ ಮೇಲೆ ಕೂರಿಸಿದರು. ಇಂಥ ಹೊತ್ತಿನಲ್ಲಿ ಹುಡುಗನ ಅಕ್ಕತಂಗಿಯರು ಎದ್ದು ಬಂದು ಹುಡುಗಿಗೆ ಕುಂಕುಮ ಹಚ್ಚಿ ಹೂ ಮುಡಿಸಬೇಕು. ಅವನಿಗೆ ಅಕ್ಕತಂಗಿಯರಿಲ್ಲ. ‘ಹುಡುಗನ ಕಡೇರು ಹೂ ಮುಡಸಾಕ ಯಾರದೀರಿ, ಬರ್ರವ್ವಾ’ ಎಂದು ಅಜ್ಜಿ ಕೂಗಿದಳು. ದೂರದ ಸಂಬಂಧದ ಯಾರೋ ಏಳುವ ಸದ್ದಾಯಿತು.

‘ನಾನದೀನಿ’ ಎಂದೆ. ಎದ್ದು ನಿಂತೆ. ಅವನು ಎಲ್ಲಿ ಕೂತಿದ್ದಾನೆ ಎಂದು ಅವನ ಕೆಮ್ಮಿನಿಂದ ಆಗಲೇ ಗೊತ್ತು ಮಾಡಿಕೊಂಡಿದ್ದೆ. ಆ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ‘ಅಣ್ಣಾ, ಸ್ವಲ್ಪ ಕೈ ಹಿಡಿ. ವೈನಿ ಹಂತೇಲಿ ಕರ್ಕೊಂಡ್ ಹೋಗು.’

ನಮ್ಮಲ್ಲಿ ಇದು ಹಿಂದಕ್ಕೆ ತೆಗೆದುಕೊಳ್ಳುವ ಮಾತಲ್ಲ. ಮಾವನ ಮಗನನ್ನು ತುಂಬಿದ ಮನೆಯಲ್ಲಿ ಒಮ್ಮೆ ಅಣ್ಣ ಎಂದು, ಅವನ ಹೆಣ್ಣನ್ನು ವೈನಿ, ಅತ್ತಿಗೆ, ಎಂದರೆ ಆ ಬಾಗಿಲು ಮುಚ್ಚಿದಂತೆಯೇ. ಹಿಂದೆ ಅವ್ವನ ಬಳೆ ಸದ್ದು ಮಾಡಿದವು, ಬಾಯಿಗೆ ಕೈ ಇಟ್ಟುಕೊಂಡಳೋ ಏನೋ. ಅವನು ಬಂದ, ಆದರೆ ಕೂಡಲೇ ಬರಲಿಲ್ಲ. ಬಂದು ಕೈ ಹಿಡಿದಾಗ ಅವನ ಅಂಗೈ ಬೆವರಿ ಒದ್ದೆಯಾಗಿತ್ತು. ಆ ಕೈ ನನಗೆ ಎಷ್ಟು ಗೊತ್ತು! ಓಟದ ಮುಂಚೆ ಹೆದರಿದಾಗಲೂ ಅದು ಹಾಗೆ ಬೆವರಿದ್ದಿಲ್ಲ. ಅಯ್ಯೋ ದೇವರೇ, ಇವನಿಗೂ ಇತ್ತೇ, ಎಂದು ಆಗ ಹೊಳೆಯಿತು. ಹೊಳೆದು ಏನು ಬಂತು? ನಾಲ್ಕು ಹೆಜ್ಜೆ ನಡೆಸಿ ಅವಳ ಮುಂದೆ ನಿಲ್ಲಿಸಿದ. ತಡಕಾಡಿ ಅವಳ ಹಣೆಗೆ ಕುಂಕುಮ ಹಚ್ಚಿದೆ, ಜಡೆಗೆ ದುಂಡುಮಲ್ಲಿಗೆ ಮುಡಿಸಿದೆ. ಅವಳ ಕೂದಲು ಇನ್ನೂ ಹಸಿಯಿತ್ತು, ಸೀಗೆಕಾಯಿ ವಾಸನೆ.

‘ತಂಗಿ ಅಂದ್ಮ್ಯಾಗ ಇನ್ನೇನ್ ತಕರಾರು, ಓಡ್ಲಿ ಬಿಡ್ರಿ’ ಎಂದಳು ಅಜ್ಜಿ. ಎಲ್ಲರಿಗೂ ಪಾಯಸ ಬಡಿಸಿದರು. ಎಲ್ಲರೂ ಖುಷಿಯಾಗಿ ಮಾತಾಡತೊಡಗಿದರು, ಮಾವ ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ನಾನು ಪಾಯಸ ಪೂರ್ತಿ ಉಂಡೆ, ಇನ್ನಷ್ಟು ಹಾಕಿಸಿಕೊಂಡೆ ಕೂಡ. ಗೆದ್ದೆನಲ್ಲ!

ಬಳ್ಳಾರಿಗೆ ವಾಪಸು ಬರುವ ಬಸ್ಸಿನಲ್ಲಿ ಅವನು ನನ್ನ ಹಿಂದಿನ ಸೀಟಿನಲ್ಲಿದ್ದ. ಅವ್ವ ಕಿಟಕಿಗೆ ತಲೆಯಿಟ್ಟು ನಿದ್ದೆಹೋಗಿದ್ದಳು. ಅವನು ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದ, ‘ಅಷ್ಟು ಮಂದಿಯಾಗ ಅನ್ನೂ ಮುಂಚೆ ನನ್ನೊಂದ್ ಮಾತು ಕೇಳಬೇಕಿತ್ತು.’

‘ಕೇಳಿದ್ರ ಏನಂತಿದ್ದಿ?’

ಅವನು ಸೀಟಿನ ಕಂಬಿ ಹಿಡಿದು ಇನ್ನೂ ಹತ್ತಿರ ಬಾಗಿದ. ‘ಅಪ್ಪನ ಮುಂದ ನಿಂತು ಮಾತಾಡಾಕ ಧೈರ್ಯ ಕೂಡಸ್ಕೊಳ್ಳಾಕತ್ತಿದ್ದೆ.’

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ‘ನೀ ಧೈರ್ಯ ಕೂಡಸ್ಕೊಳ್ಳೂದ್ರಾಗ ನನ್ನ ತಲಿ ಬೆಳ್ಳಗಾಕ್ಕಿತ್ತು! ಒಂದು ದಿನ ನನ್ನ ಕಿವಿಯಾಗ ಅಂದಿದ್ರ ಆಗತಿರಲಿಲ್ಲೇನು? ಒಳಗ ಅಂತಿ, ನೆಟ್ಟಗ ಅಂತಿ, ಅದೊಂದ್ ಮಾತಿಗೆ ಬಾಯಿ ಬಿದ್ದೋಗಿತ್ತೇನ್ ನಿನಗ?’ ಅವ್ವ ಎಚ್ಚರಾಗಿ ಏನದು ಎಂದಳು. ಏನಿಲ್ಲ ಬೇ, ಮಲಕ್ಕೊ ಎಂದೆ.

ಮರುದಿನದಿಂದ ಮೈದಾನದಲ್ಲಿ ಮತ್ತೆ ಓಟ. ಸಮಯ ತಪ್ಪಿಸದೆ ಬಂದ, ಹೇಳಿದಷ್ಟು ಓಡಿದ. ಆದರೆ ಗೆರೆ ಹತ್ತಿರ ಬಂದರೆ ‘ಎದಿ’ ಎನ್ನುವುದನ್ನು ಬಿಟ್ಟುಬಿಟ್ಟ. ‘ಮುಂದ’ ಎನ್ನತೊಡಗಿದ. ಹಗ್ಗ ಕಟ್ಟುವಾಗ ನನ್ನ ಕೈ ತಾಕದ ಹಾಗೆ ಕುಣಿಕೆಯನ್ನು ಹಿಡಿದು ಕೊಡುತ್ತಿದ್ದ, ನಾನೇ ಹಾಕಿಕೊಳ್ಳಲಿ ಎಂದು. ಅವನ ಮದುವೆ ಕ್ರೀಡಾಕೂಟ ಮುಗಿದ ಮೇಲೆ ಎಂದು ಗೊತ್ತಾಗಿತ್ತು. ಹೆಜ್ಜೆ ಮಾತ್ರ ಹಾಗೇ ಇತ್ತು, ಹಾಳಾದ ಹೆಜ್ಜೆ, ಅದಕ್ಕೇನು ತಿಳಿಯುತ್ತದೆ.

ಕೂಟ ನಡೆದದ್ದು ದೂರದ ಊರಿನಲ್ಲಿ, ರೈಲಿನಲ್ಲಿ ಹೋದೆವು. ಫೈನಲ್ ದಿನ ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ಕಣ್ಣಿಗೆ ಪಟ್ಟಿ ಕಟ್ಟಿದರು. ಗುಂಡು ಹಾರಿದ ಸದ್ದಿಗೆ ನಾನು ಎದ್ದದ್ದು, ಅವನು ಎದ್ದದ್ದು, ಒಂದೇ. ‘ಒಳಗ, ಒಳಗ, ನೆಟ್ಟಗ.’ ಪಕ್ಕದವರ ಹೆಜ್ಜೆ ಸದ್ದು ಒಂದೊಂದೇ ಹಿಂದೆ ಬಿದ್ದವು. ಮುಂದೆ ಯಾರ ಸದ್ದೂ ಇಲ್ಲ. ಯಾರೂ ಇಲ್ಲ! ಆ ಓಟ ಇನ್ನೂ ನನ್ನ ಮೈಯಲ್ಲಿದೆ, ಅಂಥದ್ದು ಮತ್ತೆಂದೂ ಓಡಲಿಲ್ಲ. ‘ಮುಂದ’ ಎಂದ. ಎದೆ ಚಾಚಿದೆ. ಹಗ್ಗ ಮುಂದಕ್ಕೆ ಬಿಗಿಯಾಯಿತು.

ಹಿಂದಕ್ಕೆ ಬಿಗಿಯಾಗಬೇಕಿತ್ತು. ನನಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಮಾಸ್ತರು ಓಡಿ ಬಂದು ‘ಫಸ್ಟ್, ಫಸ್ಟ್ ಬಂದೆಲೇ ಟಗರೇ’ ಎಂದು ತಬ್ಬಿಕೊಂಡರು, ನಾನು ಕುಣಿದೆ. ಆಮೇಲೆ ಮೈಕಿನಲ್ಲಿ ಹಿಂದಿಯಲ್ಲಿ ಏನೋ ಹೇಳಿದರು. ಮಾಸ್ತರು ನನ್ನನ್ನು ಬಿಟ್ಟು ಆ ಕಡೆ ಹೋದರು. ಮೂರು ಹೆಸರು ಕೂಗಿದರು, ಮೂರರಲ್ಲೂ ನನ್ನದಿಲ್ಲ. ಮಾಸ್ತರು ವಾಪಸು ಬಂದು ನನ್ನ ಭುಜದ ಮೇಲೆ ಕೈ ಇಟ್ಟರು. ‘ನಿನಗಿಂತ ಅವನ ಮೊದಲು ದಾಟ್ಯಾನಮ್ಮ’ ಎಂದರು, ಅಷ್ಟೇ. ಸ್ವಲ್ಪ ದೂರದಲ್ಲಿ ಅವನು ಕುಕ್ಕರಬಡಿದು ಕೂತು ಉಸಿರೆಳೆಯುತ್ತಿದ್ದುದು ಕೇಳುತ್ತಿತ್ತು. ಯಾರೋ ನನ್ನ ಕಣ್ಣಿನ ಪಟ್ಟಿ ಬಿಚ್ಚಲು ಬಂದರು. ಬಿಚ್ಚಬೇಡಿ ಎಂದೆ, ಅದು ನೆನೆದಿತ್ತು.

ವಾಪಸು ಬರುವಾಗ ರೈಲಿನಿಂದ ಮಾಸ್ತರು ಚಹಾ ತರಲು ಇಳಿದಾಗ ಕೇಳಿಯೇಬಿಟ್ಟೆ. ‘ಇಷ್ಟು ದಿನ ಒಮ್ಮಿನೂ ತಪ್ಪಲಿಲ್ಲ ನೀನು. ಅವತ್ತ ಯಾಕ ಹಿಂದ ಸರೀಲಿಲ್ಲ?’

‘ಸರೀಬೇಕಂತ ನೆನಪ ಆಗಲಿಲ್ಲ’ ಎಂದ. ಸುಳ್ಳು ಹೇಳು ಮತ್ತೆ, ಎಂದೆ. ಆಗ ಅವನು ನನ್ನ ಕಡೆ ತಿರುಗಿದ. ‘ಆ ಗೆರಿ ದಾಟಿದ್ರ ಈ ಹಗ್ಗ ಬಿಚ್ಚಬೋದು ಅನ್ನೂದೊಂದ ತಲ್ಯಾಗಿತ್ತು ನೋಡು. ದಿನಾ ನಿನ್ನ ಕೈಗೆ ಕೈ ಕಟ್ಕೊಂಡು, ದಿನಾ ಅಣ್ಣ ಅನಿಸ್ಕೊಂಡು ಓಡಾಕ ನನ್ ಕೈಲಿ ಆಗಲಿಲ್ಲ. ಬಿಚ್ಚಿದ್ರ ಸಾಕಾಗಿತ್ತು.’

ಓಟಕ್ಕಾಗಿ ಅವನನ್ನು ಬಿಟ್ಟುಕೊಟ್ಟೆ ಎಂದುಕೊಂಡಿದ್ದೆ. ನಾನು ಬಿಟ್ಟುಕೊಟ್ಟರೆ ಅವನಿಗೂ ಬಿಟ್ಟುಕೊಡಲು ಆಗುತ್ತದೆಯೇ ಎಂದು ಯಾರು ಯೋಚಿಸಿದ್ದರು? ಮಾಸ್ತರು ಚಹಾ ತಂದು ಕೈಗೆ ಕೊಟ್ಟರು. ಮೂವರೂ ಕುಡಿದೆವು.

ಅವನ ಮದುವೆಯಾಯಿತು. ನನಗೆ ಶಿಬಿರದಿಂದ ಕರೆ ಬರಲಿಲ್ಲ. ಕ್ರೀಡಾ ಹಾಸ್ಟೆಲಿನ ಒಬ್ಬ ಹುಡುಗಿಯ ಜೊತೆ ಹೆಜ್ಜೆ ಕೂಡಿಸಲು ನೋಡಿದೆ, ಕೂಡಲಿಲ್ಲ. ಅವಳ ತಪ್ಪಲ್ಲ, ನಾನು ಓಡುವಾಗ ಬೇರೆ ಯಾರದೋ ಉಸಿರು ಹುಡುಕುತ್ತಿದ್ದೆ. ಒಂದೆರಡು ಕೂಟಗಳಲ್ಲಿ ಹಿಂದೆ ಬಿದ್ದ ಮೇಲೆ ಮಾಸ್ತರು ಫೋನ್ ಮಾಡುವುದನ್ನೂ ಬಿಟ್ಟರು. ಆಮೇಲೆ ಈ ಕೆಲಸ ಸಿಕ್ಕಿತು. ಓಡುವುದು ನಿಂತಿತು. ಯಾವ ದಿನ ನಿಂತಿತು ಎಂದು ಕೂಡ ಹೇಳಲು ಬರುವುದಿಲ್ಲ.

ಹೋದ ವರ್ಷ ಅವನ ಹೆಂಡತಿ ತವರಿನಲ್ಲಿ ಹಡೆದಳು. ಅವಳೇ ಕುರುಗೋಡಿನಿಂದ ಫೋನ್ ಮಾಡಿದಳು, ‘ತೊಟ್ಟಿಲಿಗೆ ಹಾಕೂದೈತಿ, ಸೋದರತ್ತಿ ಇಲ್ದ ಹೆಸರ ಇಡಂಗಿಲ್ಲ, ನೀವು ಬರಲೇಬೇಕು.’ ಒಳ್ಳೆಯ ಹುಡುಗಿ ಅವಳು, ಅವಳಿಗೆ ಏನೂ ಗೊತ್ತಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಅಪ್ಪನ ತಂಗಿಯದು. ಅಂದು ಪಡಸಾಲೆಯಲ್ಲಿ ನಾನೇ ಕೂಗಿ ಪಡೆದುಕೊಂಡ ಪಟ್ಟ. ಒಲ್ಲೆ ಎನ್ನಲು ಕಾರಣ ಹೇಳಬೇಕಲ್ಲ, ಏನು ಹೇಳಲಿ? ಒಂದು ಕುಲಾವಿ, ಒಂದು ಅಂಗಿ ಕೊಂಡು ಅವ್ವನ ಜೊತೆ ಹೋದೆ.

ಮಗುವನ್ನು ನನ್ನ ಮಡಿಲಿಗೆ ಕೊಟ್ಟರು. ಬೆಚ್ಚಗೆ, ಬಜೆ ವಾಸನೆ. ‘ಕಣ್ಣು ಹೆಂಗ ಅದಾವು?’ ಎಂದು ಕೇಳಿದೆ, ಕೇಳದಿರಲು ಆಗಲಿಲ್ಲ. ‘ಪಿಳಿಪಿಳಿ ನಿಮ್ಮನ್ನ ನೋಡಾಕತ್ಯಾನ ನೋಡ್ರಿ’ ಎಂದಳು ತಾಯಿ. ಮಾವನ ದೇವರು ದೊಡ್ಡವನು. ಬಾಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಿದೆ. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಹೋ ಎಂದು ನಗುತ್ತ, ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದತೊಡಗಿದರು. ಸೋದರತ್ತೆಗೆ ಆ ಗುದ್ದು ಬೀಳಲೇಬೇಕು, ಅದೊಂದು ಸಂಭ್ರಮ. ನಾನೂ ನಕ್ಕೆ. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ, ತಡೆಯಲು ಹೋದಷ್ಟೂ ಗಂಟಲು ಬಿಚ್ಚಿಕೊಂಡು ಬಂತು. ಮಗುವನ್ನು ಯಾರೋ ಎತ್ತಿಕೊಂಡರು.

‘ಮೆಲ್ಲಕ ಗುದ್ದಬಾರದೇನ್ರೇ, ಸೋದರತ್ತಿಗೆ ಜೋರ ಹತ್ತೇತಿ!’ ಎಂದು ಅಜ್ಜಿ ಗದರಿದಳು. ಎಲ್ಲರೂ ಮತ್ತೆ ನಕ್ಕರು, ಯಾರೋ ಬೆನ್ನು ಸವರಿದರು. ಆಗ ಪಕ್ಕದಲ್ಲಿ ಹೆಜ್ಜೆ ಸದ್ದಾಯಿತು. ಯಾರದು ಎಂದು ಕೇಳಬೇಕಾಗಿರಲಿಲ್ಲ. ಅವನು ನನ್ನ ಕೈಗೆ ನೀರಿನ ಲೋಟ ಕೊಟ್ಟ.

‘ಕುಡಿ ತಂಗೀ’ ಎಂದ.

ಅಷ್ಟು ವರ್ಷದಲ್ಲಿ ಅವನು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ಲೋಟ ಇಸಕೊಂಡು ಕುಡಿದೆ.